ಮಾನಸಿಕ ಆರೋಗ್ಯ ಚಿಕಿತ್ಸಾ ಪ್ರಯೋಗದಲ್ಲಿ ಸಹಾಯಕ ಮನಶ್ಶಾಸ್ತ್ರಜ್ಞರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಹುಡುಗ ಹುಡುಗಿಯರು ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿ ಸಂಶೋಧನಾ ಯೋಜನೆಗಳ ಸಂದರ್ಶನಕ್ಕೆ ಹೊರಡುವ ಮುನ್ನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಇದೇ ಕೆಲಸ ಮಾಡಿದವಳಾಗಿ ಉತ್ತರಿಸುತ್ತಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ದಯವಿಟ್ಟು ಅವನ್ನು ಪೂರ್ತಿ ಓದಿ.

ಈ ಹುದ್ದೆಯಲ್ಲಿ ನಿಜವಾಗಿ ಮಾಡುವ ಕೆಲಸವೇನು?

ಸಹಾಯಕ ಮನಶ್ಶಾಸ್ತ್ರಜ್ಞ ಎಂಬ ಹುದ್ದೆ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಬಹಳ ವರ್ಷಗಳಿಂದ ಇದೆ. ಪದವಿ ಮುಗಿಸಿದವರು ಅರ್ಹ ಮನಶ್ಶಾಸ್ತ್ರಜ್ಞರ ಮೇಲ್ವಿಚಾರಣೆಯಲ್ಲಿ ಅಲ್ಲಿ ದುಡಿಯುತ್ತಾರೆ. ನಮ್ಮ ಜಾಹೀರಾತುಗಳಲ್ಲಿ ಇದೇ ಕೆಲಸಕ್ಕೆ ಪ್ರಾಜೆಕ್ಟ್ ಸೈಕಾಲಜಿಸ್ಟ್, ರಿಸರ್ಚ್ ಅಸಿಸ್ಟೆಂಟ್, ಫೀಲ್ಡ್ ಇನ್ವೆಸ್ಟಿಗೇಟರ್ ಎಂದು ಬರೆದಿರುತ್ತಾರೆ.

ಬೆಳಿಗ್ಗೆ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗದಲ್ಲಿ ಕುಳಿತು, ತಲೆನೋವು, ನಿದ್ರೆಯಿಲ್ಲ, ಎದೆ ಬಡಿತ ಎಂದು ಬಂದವರಲ್ಲಿ ಒಪ್ಪಿದವರಿಗೆ ಚಿಕ್ಕ ಪ್ರಶ್ನಾವಳಿ ಓದುತ್ತೀರಿ. ಅರ್ಹರಾದವರಿಗೆ ಪ್ರಯೋಗವನ್ನು ವಿವರಿಸಿ ಸಮ್ಮತಿ ಕೇಳುತ್ತೀರಿ. ಸಮ್ಮತಿಸಿದವರ ಮೊದಲ ಸಂದರ್ಶನ ಮಾಡುತ್ತೀರಿ. ಮೂರು, ಆರು ಅಥವಾ ಹನ್ನೆರಡು ತಿಂಗಳ ನಂತರ ಅದೇ ಪ್ರಶ್ನೆಗಳೊಂದಿಗೆ ಅವರ ಮನೆ ಹುಡುಕಿಕೊಂಡು ಹೋಗುತ್ತೀರಿ. ಕೆಲವು ಪ್ರಯೋಗಗಳಲ್ಲಿ ಸಹಾಯಕರೇ ಆಪ್ತಸಮಾಲೋಚನೆಯನ್ನೂ ನಡೆಸುತ್ತಾರೆ. ಹಾಗಿದ್ದಲ್ಲಿ ಅದರ ಫಲಿತಾಂಶ ಅಳೆಯುವವರು ಬೇರೆಯವರೇ ಆಗಿರಬೇಕು. ತಾನು ಕೊಟ್ಟ ಚಿಕಿತ್ಸೆಗೆ ತಾನೇ ಅಂಕ ಹಾಕಿದರೆ ಆ ಅಂಕವನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಇದಾದ ಮೇಲೆ ನನ್ನನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಬಹುದೇ?

ಇಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ನೀವು ರೋಗನಿರ್ಣಯ ಮಾಡುವಂತಿಲ್ಲ, ಮಾತ್ರೆಯ ಬಗ್ಗೆ ಸಲಹೆ ಕೊಡುವಂತಿಲ್ಲ. ಹಳ್ಳಿಯಲ್ಲಿ ನಿಮ್ಮನ್ನು "ಡಾಕ್ಟರೇ" ಎಂದು ಕರೆಯುತ್ತಾರೆ. ಪ್ರತಿ ಸಲವೂ ತಿದ್ದಿ. ನಿಮ್ಮನ್ನು ವೈದ್ಯರೆಂದು ನಂಬಿ ಯಾರಾದರೂ ನಿಜವಾದ ವೈದ್ಯರ ಬಳಿ ಹೋಗದೆ ಉಳಿದರೆ ಅದರ ಹೊಣೆ ನಿಮ್ಮದು.

ಮಾತಿನ ಚಿಕಿತ್ಸೆಗೂ ಪ್ರಯೋಗ ಏಕೆ? ಮಾತನಾಡಿಸಿದರೆ ಒಳ್ಳೆಯದೇ ಆಗುತ್ತದಲ್ಲ?

ಆಗುತ್ತದೆ ಎಂದುಕೊಳ್ಳುವುದು ಬೇರೆ, ಆಯಿತೆಂದು ತೋರಿಸುವುದು ಬೇರೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗೆ, ಮನಶ್ಶಾಸ್ತ್ರ ಓದಿರದ ಸ್ಥಳೀಯ ಸಮಾಲೋಚಕರು ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಟ್ಟ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಮೂರು ತಿಂಗಳ ನಂತರ ಆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಎಲ್ಲರೂ ಈ ಸಂಖ್ಯೆಯನ್ನು ಹೇಳಿ ನಿಲ್ಲಿಸುತ್ತಾರೆ. ಆ ಸಮಾಲೋಚನೆ ಸಿಗದ, ವೈದ್ಯರ ಎಂದಿನ ಆರೈಕೆಯಲ್ಲಿದ್ದ ಗುಂಪಿನಲ್ಲೂ ನೂರಕ್ಕೆ 39 ಮಂದಿ ಹೊರಬಂದಿದ್ದರು. ಹೋಲಿಸಲು ಆ ಎರಡನೆಯ ಗುಂಪು ಇರದಿದ್ದರೆ ಗುಣವಾದ 64 ಮಂದಿಯೂ ಚಿಕಿತ್ಸೆಯಿಂದಲೇ ಗುಣವಾದರೆಂದು ನಾವು ಸಾರುತ್ತಿದ್ದೆವು. ದುಃಖ ಕೆಲವೊಮ್ಮೆ ತಾನಾಗಿಯೇ ತಗ್ಗುತ್ತದೆ, ಕಟಾವು ಮುಗಿದು ಕೈಗೆ ಹಣ ಬಂದರೆ ತಗ್ಗುತ್ತದೆ, ಮಗಳ ಮದುವೆ ಗೊತ್ತಾದರೆ ತಗ್ಗುತ್ತದೆ. ಅದನ್ನೆಲ್ಲ ಕಳೆದ ಮೇಲೆ ಚಿಕಿತ್ಸೆಯ ಪಾಲು ಎಷ್ಟು ಎಂಬುದೇ ನಮ್ಮ ಪ್ರಶ್ನೆ.

ಪ್ರಯೋಗ ಎಂದ ಕೂಡಲೇ ಜನ ಹೆದರುತ್ತಾರೆ. "ನಾವೇನು ಇಲಿಗಳೇ?" ಎಂದರೆ?

ಕೇಳುವ ಹಕ್ಕು ಅವರಿಗಿದೆ. ಸಿಡುಕಬೇಡಿ. ನಾನು ಬೆಳಗಾವಿಯದೇ ಉದಾಹರಣೆ ಕೊಡುತ್ತೇನೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಣ್ಣುಮಕ್ಕಳು ಒಂದು ಪ್ರಯೋಗದಲ್ಲಿ ಪಾಲ್ಗೊಂಡರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ ತಾಯಂದಿರಿಗೆ ಕಿರಿಯ ಆರೋಗ್ಯ ಸಹಾಯಕಿಯರು ಮಿಸೊಪ್ರೊಸ್ಟಾಲ್ ಮಾತ್ರೆಯನ್ನೋ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆಯನ್ನೋ ಕೊಟ್ಟರು. ಯಾವುದು ಯಾರಿಗೆ ಎಂದು ಕೊಟ್ಟವರಿಗೂ ಗೊತ್ತಿರಲಿಲ್ಲ. ಹೆರಿಗೆಯ ನಂತರದ ಅತಿ ರಕ್ತಸ್ರಾವ ನೂರಕ್ಕೆ 12ರಷ್ಟಿದ್ದದ್ದು ಔಷಧ ಪಡೆದವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ ಅದು ಪ್ರಕಟವಾಯಿತು. ಈ ಮಣ್ಣಿನ ತಾಯಂದಿರು ಒಪ್ಪಿದ್ದರಿಂದಲೇ ಜಗತ್ತಿಗೆ ಆ ವಿಷಯ ಗಟ್ಟಿಯಾಗಿ ತಿಳಿಯಿತು. ಇದನ್ನು ಕೇಳಿದ ಹಿರಿಯ ಹೆಂಗಸರ ಮುಖದಲ್ಲಿ ಹೆಮ್ಮೆ ಮೂಡುವುದನ್ನು ನೋಡಿದ್ದೇನೆ.

ಇಷ್ಟು ಹೇಳಿಯೂ ಅವರು ಬೇಡವೆಂದರೆ ಬೇಡ. ನಮಸ್ಕಾರ ಹೇಳಿ ಎದ್ದು ಬನ್ನಿ. ಬೇಡವೆಂದವರಿಗೆ ಆಸ್ಪತ್ರೆಯ ಎಂದಿನ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು.

ಒಬ್ಬರಿಗೆ ಸಮಾಲೋಚನೆ ಸಿಗುತ್ತದೆ, ಇನ್ನೊಬ್ಬರಿಗೆ ಇಲ್ಲ. ಇದು ಅನ್ಯಾಯವಲ್ಲವೇ?

ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದು. ಕಾಡದಿದ್ದರೆ ನನಗೆ ಅವರ ಬಗ್ಗೆ ಅನುಮಾನ ಬರುತ್ತದೆ.

ಆ ಚಿಕಿತ್ಸೆ ಇಲ್ಲಿ, ಈ ಜನರಲ್ಲಿ ಕೆಲಸ ಮಾಡುತ್ತದೆಯೇ ಎಂಬುದು ನಿಜವಾಗಿಯೂ ತಿಳಿಯದಿದ್ದಾಗ ಮಾತ್ರ ಇಂಥ ಪ್ರಯೋಗಕ್ಕೆ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿ ಒಪ್ಪಬೇಕು. ತಿಳಿದಿದ್ದೂ ಒಂದು ಗುಂಪಿಗೆ ತಪ್ಪಿಸುವುದು ಅಪರಾಧ. ಹೋಲಿಕೆಯ ಗುಂಪಿನವರನ್ನು ಕೈಬಿಡುವಂತಿಲ್ಲ. ಅವರಿಗೆ ಖಿನ್ನತೆಯ ಲಕ್ಷಣಗಳಿವೆ ಎಂದು ವೈದ್ಯಾಧಿಕಾರಿಗೆ ತಿಳಿಸುವುದು, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಹೇಳುವುದು, ತೀವ್ರವಾದವರನ್ನು ಜಿಲ್ಲಾ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೋ ಕಳುಹಿಸುವುದು ಎರಡೂ ಗುಂಪಿಗೆ ಸಮಾನವಾಗಿ ನಡೆಯಬೇಕು. ಗೋವಾದ ಪ್ರಯೋಗದಲ್ಲೂ ಹೋಲಿಕೆಯ ಗುಂಪಿನ ಬಗ್ಗೆ ವೈದ್ಯರಿಗೆ ತಿಳಿಸಲಾಗಿತ್ತು.

ನಿಮಗೆ ಕಷ್ಟವಾಗುವುದು ಸಭೆಯಲ್ಲಿ ಅಲ್ಲ, ಅಂಗಳದಲ್ಲಿ. ದ್ರಾಕ್ಷಿ ತೋಟದ ಸಾಲದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಎದುರಿಗೆ ಕುಳಿತಿರುತ್ತಾಳೆ. ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿದಂತೆ ನಡೆಯುವ ಹಂಚಿಕೆಯಲ್ಲಿ ಅವಳು ಹೋಲಿಕೆಯ ಗುಂಪಿಗೆ ಬಂದಿರುತ್ತಾಳೆ. ಅವಳಿಗಿಂತ ಹಗುರವಾಗಿರುವ ಇನ್ನೊಬ್ಬರು ಚಿಕಿತ್ಸೆಯ ಗುಂಪಿನಲ್ಲಿರುತ್ತಾರೆ. "ಇವಳನ್ನು ಆ ಕಡೆ ಹಾಕಿಬಿಡಿ" ಎಂದು ಮನಸ್ಸು ಕೂಗುತ್ತದೆ. ಹಾಕಿದರೆ ಏನಾಗುತ್ತದೆ ಯೋಚಿಸಿ. ಹೆಚ್ಚು ನೊಂದವರೆಲ್ಲ ಒಂದೇ ಕಡೆ ಸೇರುತ್ತಾರೆ, ಕೊನೆಗೆ ಒಳ್ಳೆಯ ಚಿಕಿತ್ಸೆಯೂ ಕೆಟ್ಟದ್ದಾಗಿ ಕಾಣುತ್ತದೆ, ಅವಳಂಥ ಸಾವಿರಾರು ಹೆಣ್ಣುಮಕ್ಕಳಿಗೆ ಅದು ಎಂದೂ ತಲುಪುವುದಿಲ್ಲ. ಅದಕ್ಕಾಗಿಯೇ ಹಂಚಿಕೆಯನ್ನು ನಮ್ಮ ಕೈಯಿಂದ ದೂರ ಇಟ್ಟಿರುತ್ತಾರೆ. ಬೇರೆ ಊರಿನ ಕಂಪ್ಯೂಟರ್ ಹೇಳುತ್ತದೆ, ಅಥವಾ ಒಳಗಿರುವುದು ಕಾಣದ ಮುಚ್ಚಿದ ಲಕೋಟೆ ಹೇಳುತ್ತದೆ. ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡುವುದು ಕೂಡ ಮೋಸ. ಆ ಹೆಣ್ಣುಮಗಳಿಗಾಗಿ ನೀವು ಮಾಡಬಹುದಾದದ್ದು ಎಂದಿನ ಆರೈಕೆ ಅವಳಿಗೆ ಪೂರ್ತಿ ಸಿಗುವಂತೆ ನೋಡಿಕೊಳ್ಳುವುದು. ಅದನ್ನು ಹಠ ಹಿಡಿದು ಮಾಡಿ.

ಸಮ್ಮತಿ ಪತ್ರಕ್ಕೆ ಮಾವನವರೇ ಸಹಿ ಹಾಕುತ್ತೇನೆ ಎನ್ನುತ್ತಾರೆ. ಏನು ಮಾಡಲಿ?

ಅವರಿಗೆ ಗೌರವ ಕೊಡಿ, ಚಹಾ ಕುಡಿಯಿರಿ, ಬಂದ ಕಾರಣವನ್ನು ಮನೆಯವರಿಗೆಲ್ಲ ಸ್ಥೂಲವಾಗಿ ಹೇಳಿ. ಆದರೆ ಸಹಿ ಸೊಸೆಯದೇ ಆಗಬೇಕು. ಸಂದರ್ಶನವಿರಲಿ, ಮಾತಿನ ಚಿಕಿತ್ಸೆಯಿರಲಿ, ಮುಕ್ತವಾದ, ತಿಳಿದು ಕೊಟ್ಟ ಸಮ್ಮತಿ ಬೇಕೆಂದು 2017ರ ಕಾಯ್ದೆಯ 99ನೇ ಕಲಂ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳ ಪ್ರಕಾರ ಊರ ಹಿರಿಯರ ಒಪ್ಪಿಗೆ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು.

ಓದಲು ಬಾರದವರಿಗೆ ಪೂರ್ತಿ ಓದಿ ಹೇಳಬೇಕು, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು, ಯೋಜನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಉದ್ದಕ್ಕೂ ಇದ್ದು ಸಹಿ ಹಾಕಬೇಕು. ನಿಮ್ಮ ಜೀಪಿನ ಚಾಲಕ ಸಾಕ್ಷಿಯಲ್ಲ. ಹದಿನೆಂಟು ತುಂಬದವರಾದರೆ ಪಾಲಕರ ಸಮ್ಮತಿಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು.

ಓದಿದ ಮೇಲೆ "ತಿಳಿಯಿತೇ?" ಎಂದು ಕೇಳಬೇಡಿ. ಎಲ್ಲರೂ ಹೂಂ ಎನ್ನುತ್ತಾರೆ. "ಈಗ ನಾನು ಹೇಳಿದ್ದನ್ನು ನಿಮ್ಮ ತಂಗಿಗೆ ಹೇಗೆ ಹೇಳುತ್ತೀರಿ?" ಎಂದು ಕೇಳಿ. ಸಮಾಲೋಚನೆ ಸಿಕ್ಕೇ ಸಿಗುತ್ತದೆ ಎಂದು ಅವರು ಹೇಳಿದರೆ ಮತ್ತೆ ಮೊದಲಿಂದ ವಿವರಿಸಿ. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು, ಕಾರಣ ಹೇಳಬೇಕಿಲ್ಲ ಎಂಬುದನ್ನು ಅವರ ಬಾಯಿಂದ ಕೇಳುವವರೆಗೂ ಪೆನ್ನು ಕೈಗೆ ಕೊಡಬೇಡಿ.

ಅತ್ತೆ ಪಕ್ಕದಲ್ಲೇ ಕುಳಿತು ಏಳದಿದ್ದರೆ? ಬಾವಿಯ ಕಡೆ, ಹೊಲದ ಬದುವಿನ ಕಡೆ, ಅಂಗನವಾಡಿಯ ಖಾಲಿ ಕೋಣೆಯ ಕಡೆ ನಡೆಯಿರಿ. ಇಲ್ಲವೇ ಆರೋಗ್ಯ ಕೇಂದ್ರಕ್ಕೇ ಕರೆಯಿರಿ. ಬಂದುಹೋದ ಖರ್ಚು ಮತ್ತು ಆ ದಿನದ ಕೂಲಿ ತುಂಬಿಕೊಡಲು ಮಾರ್ಗಸೂಚಿಗಳು ಅವಕಾಶ ಕೊಡುತ್ತವೆ. ಆಸೆ ಹುಟ್ಟಿಸುವಷ್ಟು ಕೊಡುವಂತಿಲ್ಲ.

ಪ್ರಶ್ನೆಗಳನ್ನು ನನ್ನ ಮಾತಿನಲ್ಲಿ ಬಿಡಿಸಿ ಕೇಳಬಹುದೇ?

ಬೇಡ. ಖಿನ್ನತೆ ಅಳೆಯಲು ಹೆಚ್ಚಾಗಿ ಬಳಸುವ ಪಿಎಚ್‌ಕ್ಯು-9ರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗಾಯಿತು ಎಂಬುದಕ್ಕೆ ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಗಮನ ಬೇಕು, ಇಪ್ಪತ್ತು ಮುಟ್ಟಿದರೆ ತೀವ್ರ. ಕಬ್ಬು ಬೆಳೆಯುವ ನಮ್ಮ ರೈತರಿಗೆ ಕಾರ್ಖಾನೆಯ ತೂಕದ ಯಂತ್ರದ ಮೇಲೆ ಎಷ್ಟು ಕಣ್ಣಿರುತ್ತದೆ ಎಂಬುದು ನಿಮಗೆ ಗೊತ್ತು. ಒಂದು ಬಂಡಿಗೆ ಒಂದು ತೂಕ, ಇನ್ನೊಂದಕ್ಕೆ ಇನ್ನೊಂದು ತೂಕ ಆದರೆ ಯಾರು ಸುಮ್ಮನಿರುತ್ತಾರೆ? ನೀವೂ ಎಲ್ಲರಿಗೂ ಅದೇ ಪದ, ಅದೇ ವೇಗ, ಅದೇ ಮುಖಭಾವದಿಂದ ಕೇಳಬೇಕು. ತಿಳಿಯದಿದ್ದರೆ ನಿಧಾನವಾಗಿ ಮತ್ತೊಮ್ಮೆ ಓದಿ. ಯೋಜನೆಯವರು ಒಪ್ಪಿಗೆ ಕೊಟ್ಟ ವಿವರಣೆಯ ಪಟ್ಟಿ ಇದ್ದರೆ ಅದರಿಂದ ಮಾತ್ರ ಹೇಳಿ. "ಚೆನ್ನಾಗಿದ್ದೀರಲ್ಲ?" ಎಂಬ ಧಾಟಿಯಲ್ಲಿ ಕೇಳಿದರೆ ನಮ್ಮ ಜನ ನಿಮ್ಮ ಮನಸ್ಸು ನೋಯಬಾರದೆಂದು ಹೌದು ಎನ್ನುತ್ತಾರೆ.

ಒಂಬತ್ತನೆಯ ಪ್ರಶ್ನೆ ಕೇಳಲು ಭಯವಾಗುತ್ತದೆ. ಯಾರಾದರೂ "ಸಾಯಬೇಕು ಅನಿಸುತ್ತದೆ" ಎಂದರೆ?

ಆ ಪ್ರಶ್ನೆ ಸತ್ತರೆ ಚೆನ್ನ ಎಂಬ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯವನ್ನು ಸಂಶೋಧನೆಗಳು ಸಮರ್ಥಿಸುವುದಿಲ್ಲ. ಹೆಚ್ಚಿನವರಿಗೆ ಕೇಳಿದವರೊಬ್ಬರಾದರೂ ಇದ್ದಾರಲ್ಲ ಎಂಬ ನಿರಾಳ ಸಿಗುತ್ತದೆ. ಓದದೆ ಹಾರಿಸಿ ಸೊನ್ನೆ ಬರೆಯುವುದಕ್ಕಿಂತ ದೊಡ್ಡ ದ್ರೋಹ ಈ ಕೆಲಸದಲ್ಲಿ ಇಲ್ಲ.

ಉತ್ತರ ಸೊನ್ನೆಯಲ್ಲದಿದ್ದರೆ ಕಾಗದ ಬದಿಗಿಡಿ. ಆ ಕ್ಷಣದಿಂದ ಅವರ ಜೀವ ಮೊದಲು, ಪ್ರಯೋಗ ಆಮೇಲೆ. ಅವರು ಯಾವ ಗುಂಪಿನವರು ಎಂಬ ಲೆಕ್ಕ ಇಲ್ಲಿಲ್ಲ. ನೇರವಾಗಿ ಕೇಳಿ: ಈ ಯೋಚನೆ ಎಷ್ಟು ದಿನದಿಂದ? ಹೇಗೆಂದು ಯೋಚಿಸಿದ್ದೀರಾ? ಮೊದಲು ಯತ್ನಿಸಿದ್ದುಂಟೇ? ಇವತ್ತು ಮನೆಯಲ್ಲಿ ಜೊತೆಗೆ ಯಾರಿರುತ್ತಾರೆ? ತೊಗರಿ, ಹತ್ತಿ, ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಅಟ್ಟದ ಮೇಲೋ ಮಂಚದ ಕೆಳಗೋ ಇರುತ್ತದೆ. ಅದನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಲು, ಬೀಗದಲ್ಲಿಡಲು, ಅವರು ನಂಬುವ ಒಬ್ಬರ ಜೊತೆ ಮಾತನಾಡಿ. ಆ ಕ್ಷಣ ದಾಟಿಸಿದರೆ ಅನೇಕರು ಬದುಕುತ್ತಾರೆ. ಕೈಯಳತೆಯಲ್ಲಿ ವಿಷ ಇಲ್ಲದಿರುವುದು ನೂರು ಬುದ್ಧಿಮಾತಿಗಿಂತ ಹೆಚ್ಚು ಕಾಯುತ್ತದೆ.

ಅಪಾಯ ಕಂಡರೆ ಅವರನ್ನು ಒಂಟಿಯಾಗಿ ಬಿಟ್ಟು ಹೊರಡಬೇಡಿ. ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನ್ ಮಾಡಿ. ನೆಟ್‌ವರ್ಕ್ ಇಲ್ಲವೆಂದರೆ ಮನೆಯವರೊಬ್ಬರನ್ನು ಅವರ ಜೊತೆ ಕೂರಿಸಿ ಸಿಗುವ ಕಡೆಗೆ ಹೋಗಿ. ಅದೇ ದಿನ ವೈದ್ಯರು ನೋಡುವಂತಾಗಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಸಂಖ್ಯೆಯನ್ನು ಬರೆದುಕೊಟ್ಟು ಬರುವ ಬದಲು ಅಲ್ಲೇ ಒಮ್ಮೆ ಕರೆ ಮಾಡಿಸಿ. ಪೊಲೀಸ್ ಕೇಸಾಗುತ್ತದೆ ಎಂದು ಮನೆಯವರು ಹೆದರಿ ಮುಚ್ಚಿಡುವುದುಂಟು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ ಎಂದು ತಿಳಿಸಿ.

ಇನ್ನೊಂದು ಮಾತು. ಜೀವಕ್ಕೆ ಅಪಾಯವಿದ್ದರೆ ಗೋಪ್ಯತೆ ಮುರಿಯಬೇಕಾಗುತ್ತದೆ ಎಂಬುದನ್ನು ಸಮ್ಮತಿಯ ದಿನವೇ ಹೇಳಿರಬೇಕು. ಆಗ ಅದು ವಿಶ್ವಾಸಘಾತವಾಗುವುದಿಲ್ಲ.

ಮೂರು ತಿಂಗಳ ಸಂದರ್ಶನದಲ್ಲಿ "ಆ ಸಮಾಲೋಚಕಿ ತಂಗಿ ಬಹಳ ಒಳ್ಳೆಯವಳು" ಎಂದುಬಿಟ್ಟರೆ?

ಅಳೆಯುವವರಿಗೆ ಗುಂಪು ತಿಳಿಯಬಾರದು, ಆದರೆ ಮಾತಿನ ಚಿಕಿತ್ಸೆಯಲ್ಲಿ ಹೀಗಾಗುವುದು ಸಹಜ. ಮುಚ್ಚಿಡದೆ ದಾಖಲೆಯಲ್ಲಿ ಬರೆಯಿರಿ, ಮುಂದಿನ ಭೇಟಿಗೆ ಬೇರೆಯವರನ್ನು ಕಳುಹಿಸಲು ಹೇಳಿ. ಸಂದರ್ಶನದ ಆರಂಭದಲ್ಲೇ "ನಿಮಗೆ ಯಾವ ಚಿಕಿತ್ಸೆ ಸಿಕ್ಕಿತೆಂದು ನನಗೆ ಹೇಳಬೇಡಿ" ಎಂದು ನಗುನಗುತ್ತಾ ವಿನಂತಿಸಿದರೆ ಬಹಳಷ್ಟು ತಪ್ಪುತ್ತದೆ.

ಆರು ತಿಂಗಳ ನಂತರ ಹೋದರೆ ಮನೆಗೆ ಬೀಗ. ಎಲ್ಲಿ ಹುಡುಕುವುದು?

ದೀಪಾವಳಿ ಕಳೆದ ಮೇಲೆ ವಿಜಯಪುರದ ತಾಂಡಾಗಳಿಂದ ಸಂಸಾರ ಸಮೇತ ಕಬ್ಬು ಕಡಿಯಲು ಹೊರಡುತ್ತಾರೆ. ಕಟ್ಟಡದ ಕೆಲಸಕ್ಕೆ ಗೋವಾ, ಪುಣೆ, ಮುಂಬೈಗೆ ಹೋದವರು ಯುಗಾದಿಗೋ ಊರ ಜಾತ್ರೆಗೋ ಮರಳುತ್ತಾರೆ. ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಹಳೆಯ ವಿಳಾಸ ಬೇರೆ, ಪುನರ್ವಸತಿ ಕೇಂದ್ರದ ವಿಳಾಸ ಬೇರೆ. ಇದನ್ನೆಲ್ಲ ಮೊದಲ ದಿನವೇ ಕೇಳಿ ಬರೆದುಕೊಳ್ಳಿ. ಎಲ್ಲಿಗೆ ವಲಸೆ ಹೋಗುತ್ತೀರಿ, ಕೂಲಿಗೆ ಕರೆದೊಯ್ಯುವ ಮುಕಾದಮ ಯಾರು, ಫೋನ್ ಯಾರದು, ತವರು ಎಲ್ಲಿ. ಫೋನ್ ಹೆಚ್ಚಾಗಿ ಗಂಡನದೋ ಮಗನದೋ ಇರುತ್ತದೆ, ಆದ್ದರಿಂದ ಕರೆ ಮಾಡಿದಾಗ ಏನು ಹೇಳಬಹುದು ಎಂಬುದಕ್ಕೂ ಅವರ ಅನುಮತಿ ಪಡೆಯಿರಿ.

ಸಿಗದವರು ಸಿಕ್ಕವರಂತೆ ಇರುವುದಿಲ್ಲ. ಸುಲಭಕ್ಕೆ ಸಿಗುವವರನ್ನಷ್ಟೇ ಎಣಿಸಿದರೆ ಮನೆ ಮಠ ಇದ್ದವರ ದುಃಖವನ್ನು ಮಾತ್ರ ಅಳೆದಂತಾಗುತ್ತದೆ. ಜಾತ್ರೆಯ ವಾರ ರಜೆ ಹಾಕುವುದಕ್ಕಿಂತ ಆ ವಾರ ಹೆಚ್ಚು ತಿರುಗುವುದು ಜಾಣತನ.

ಅವರು ಸವದತ್ತಿ ಎಲ್ಲಮ್ಮನಿಗೋ ದರ್ಗಾಕ್ಕೋ ಹೋಗುತ್ತೇವೆ ಎನ್ನುತ್ತಾರೆ. ತಡೆಯಬೇಕೇ?

ತಡೆಯಬೇಡಿ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿ. ಸರಪಳಿ ಹಾಕುವುದು, ಹೊಡೆಯುವುದು ಕಂಡರೆ ಮಾತ್ರ ಸುಮ್ಮನಿರುವಂತಿಲ್ಲ. ಕಾಯ್ದೆ ಅದನ್ನು ನಿಷೇಧಿಸಿದೆ, ಮೇಲ್ವಿಚಾರಕರಿಗೆ ತಕ್ಷಣ ತಿಳಿಸಿ.

ಕನ್ನಡ ಬಾರದವರು?

ಖಾನಾಪುರ, ನಿಪ್ಪಾಣಿ ಕಡೆ ಮರಾಠಿ, ತಾಂಡಾದಲ್ಲಿ ಲಂಬಾಣಿ, ಎಷ್ಟೋ ಮನೆಗಳಲ್ಲಿ ಉರ್ದು. ಆ ಭಾಷೆಯ ಸಂದರ್ಶಕರು ಮತ್ತು ಪರೀಕ್ಷಿಸಿದ ಪ್ರಶ್ನಾವಳಿ ಇಲ್ಲದಿದ್ದರೆ ಅವರನ್ನು ಸೇರಿಸಿಕೊಳ್ಳಲಾಗದು. ಶಾಲೆಗೆ ಹೋಗುವ ಮಗಳನ್ನು ನಡುವೆ ಕೂರಿಸಿಕೊಂಡು ತಾಯಿಗೆ "ಸಾಯಬೇಕು ಅನಿಸುತ್ತದೆಯೇ" ಎಂದು ಕೇಳಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಊರಲ್ಲಿ ಗುಟ್ಟು ಉಳಿಯುತ್ತದೆಯೇ?

ಉಳಿಸಬಹುದು. ಮಾನಸಿಕ ರೋಗದ ಯೋಜನೆ ಎಂದು ಬರೆದ ಬ್ಯಾನರ್ ಹಚ್ಚಿದ ವಾಹನ ಮನೆಯ ಮುಂದೆ ನಿಲ್ಲಿಸಬೇಡಿ. ಹೆಸರಿನ ಬದಲು ಸಂಕೇತ ಸಂಖ್ಯೆ ಬಳಸಿ, ಹೆಸರಿನ ಪಟ್ಟಿ ಬೇರೆ ಬೀಗದಲ್ಲಿರಲಿ. ಆಶಾ ಕಾರ್ಯಕರ್ತೆಯರು ನಮ್ಮ ಕೈಗಳಿದ್ದಂತೆ, ಮನೆ ತೋರಿಸುವವರು ಅವರೇ. ಆದರೆ "ಅವಳಿಗೆ ಏನಂತೆ?" ಎಂದು ಕೇಳಿದರೆ ಅವರಿಗೂ ಹೇಳುವಂತಿಲ್ಲ. ಸಂದರ್ಶನದ ಫೋಟೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ಯಾರು ಹೇಳಿದರೂ ಒಪ್ಪಬೇಡಿ.

ತಿಂಗಳ ಗುರಿ ಮುಟ್ಟದಿದ್ದರೆ ಒತ್ತಡ ಹಾಕುತ್ತಾರಂತೆ, ನಿಜವೇ?

ಹಾಕುವವರು ಇದ್ದಾರೆ. ಆ ಒತ್ತಡಕ್ಕೆ ಕೆಲವರು ಬಸ್ ನಿಲ್ದಾಣದಲ್ಲಿ ಕುಳಿತು ಫಾರ್ಮ್ ತುಂಬುತ್ತಾರೆ. ಒಂದು ಸುಳ್ಳು ಫಾರ್ಮ್ ಎಂದರೆ, ಕಣ್ಣೀರು ಒರೆಸಿಕೊಳ್ಳುತ್ತಾ ನಿಜ ಹೇಳಿದ ಪ್ರತಿಯೊಬ್ಬರ ಮಾತನ್ನೂ ಕಲಬೆರಕೆ ಮಾಡಿದಂತೆ. ನಾಲ್ಕೇ ಸಂದರ್ಶನವಾಗಿದ್ದರೆ ನಾಲ್ಕೇ ಎಂದು ಬರೆಯಿರಿ. ಬೈದರೆ ಬೈಯಲಿ. ನಿಮ್ಮ ಯೋಜನೆ ಭಾರತದ ಚಿಕಿತ್ಸಾ ಪ್ರಯೋಗಗಳ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐಯಲ್ಲಿ ಇದೆಯೇ ಎಂದು ಸೇರುವ ಮೊದಲೇ ನೋಡಿ. ಯಾರು ಬೇಕಾದರೂ ನೋಡಬಹುದು. 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸುವ ಮುನ್ನವೇ ನೋಂದಣಿ ಆಗಿರಬೇಕು. ಏನನ್ನು ಅಳೆಯುತ್ತೇವೆ ಎಂದು ಅಲ್ಲಿ ಮುಂಚೆಯೇ ಬರೆದಿರುತ್ತಾರೆ, ಆಮೇಲೆ ಅನುಕೂಲಕ್ಕೆ ಬದಲಿಸಿದರೆ ಎದ್ದು ಕಾಣುತ್ತದೆ.

ಸಂಬಳ, ಓಡಾಟ, ಹೆಣ್ಣುಮಕ್ಕಳ ಸುರಕ್ಷತೆ?

ಇದು ಗುತ್ತಿಗೆಯ ಕೆಲಸ, ಅನುದಾನ ಮುಗಿದರೆ ಮುಗಿಯಿತು. ಪ್ರಯಾಣ ಭತ್ಯೆ ಬೇರೆ ಇದೆಯೇ, ಸಂಜೆಯಾದರೆ ವಾಹನ ಕೊಡುತ್ತಾರೆಯೇ, ವಾರಕ್ಕೊಮ್ಮೆ ಮೇಲ್ವಿಚಾರಣೆ ಯಾರು ಮಾಡುತ್ತಾರೆ ಎಂದು ಸಂದರ್ಶನದಲ್ಲೇ ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಪ್ರಯಾಣ ಉಚಿತ, ಆದರೆ ಕೊನೆಯ ಬಸ್ಸು ತಪ್ಪಿದರೆ ಅದರಿಂದ ಪ್ರಯೋಜನವಿಲ್ಲ. ಹೊಸ ಊರಿಗೆ ಜೋಡಿಯಾಗಿ ಹೋಗಿ. ಮನೆಯಲ್ಲಿ ಕುಡಿದ ಗಂಡಸರು ಗಲಾಟೆ ಮಾಡುತ್ತಿದ್ದರೆ ಸಂದರ್ಶನ ಬಿಟ್ಟು ಬನ್ನಿ, ಆ ಮನೆಯ ಹೆಣ್ಣುಮಗಳ ಬಗ್ಗೆ ಮಾತ್ರ ಅದೇ ದಿನ ಮೇಲ್ವಿಚಾರಕರೊಡನೆ ಮಾತನಾಡಿ.

ದಿನವೂ ಇಷ್ಟು ನೋವು ಕೇಳಿ ನನಗೇ ಏನಾದರೂ ಆದರೆ?

ಆಗುತ್ತದೆ. ನಿದ್ರೆ ಕೆಡುತ್ತದೆ, ಮನೆಯವರ ಮೇಲೆ ರೇಗುತ್ತೀರಿ. ಮೇಲ್ವಿಚಾರಣೆ ಇರುವುದು ಫಾರ್ಮ್ ತಿದ್ದಲು ಮಾತ್ರವಲ್ಲ, ಇದನ್ನು ಹೇಳಿಕೊಳ್ಳಲೂ. ಕೇಳುವವರೇ ಇಲ್ಲದ ಯೋಜನೆಯಾದರೆ ಕೆಲಸ ಬದಲಿಸುವುದು ಹೇಡಿತನವಲ್ಲ.

ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಬಂದರೆ ನಮ್ಮ ಶ್ರಮ ವ್ಯರ್ಥವೇ?

ಅಲ್ಲ. ಪ್ರಯೋಜನವಿಲ್ಲದ್ದನ್ನು ಜಿಲ್ಲೆಯ ಪ್ರತಿ ಉಪಕೇಂದ್ರಕ್ಕೂ ಹಂಚಿ, ಈಗಾಗಲೇ ಸುಸ್ತಾದ ಆರೋಗ್ಯ ಸಹಾಯಕಿಯರ ತಲೆಗೆ ಇನ್ನೊಂದು ಕೆಲಸ ಕಟ್ಟುವುದು ತಪ್ಪುತ್ತದೆ. ಅಂಥ ಫಲಿತಾಂಶವೂ ಪ್ರಕಟವಾಗಲೇಬೇಕು.

ಪ್ರಯೋಗ ಮುಗಿದ ಮೇಲೆ ಆ ಜನರ ಪಾಡೇನು?

ಕೊನೆಯ ತಿಂಗಳಲ್ಲಿ ಎಲ್ಲರೂ ದತ್ತಾಂಶ ಪೂರ್ತಿ ಮಾಡುವ ಗಡಿಬಿಡಿಯಲ್ಲಿ ಇದನ್ನು ಮರೆಯುತ್ತಾರೆ. ಇನ್ನೂ ಲಕ್ಷಣಗಳಿರುವವರ ಪಟ್ಟಿ ಮಾಡಿ, ಅವರ ಒಪ್ಪಿಗೆ ಪಡೆದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಒಪ್ಪಿಸಬೇಕು. ಮನೋವೈದ್ಯರು ಯಾವ ಆಸ್ಪತ್ರೆಗೆ ಯಾವ ವಾರ ಬರುತ್ತಾರೆ ಎಂದು ಬರೆದ ಚೀಟಿ ಪ್ರತಿ ಮನೆಗೂ ಹೋಗಬೇಕು. ಚಿಕಿತ್ಸೆ ಫಲ ಕೊಟ್ಟಿದ್ದರೆ ಹೋಲಿಕೆಯ ಗುಂಪಿನವರಿಗೂ ಅದನ್ನು ಕೊಡುವ ಏರ್ಪಾಡು ಇದೆಯೇ ಎಂದು ಕೇಳಿ. ಪ್ರಯೋಗದ ಲಿಖಿತ ಯೋಜನೆಯಾದ ಮೊದಲ ಪ್ರೋಟೋಕಾಲ್‌ನಲ್ಲೇ ಅದಕ್ಕೆ ಹಣ ತೆಗೆದಿಡದಿದ್ದರೆ ಆಮೇಲೆ ಸಿಗುವುದು ಕಷ್ಟ, ಆದ್ದರಿಂದ ಸೇರಿದ ಮೊದಲ ವಾರವೇ ಕೇಳಿ. ಪಾಲ್ಗೊಂಡವರಿಗೆ ಫಲಿತಾಂಶವನ್ನು ಕನ್ನಡದಲ್ಲಿ, ಅವರವರ ಭಾಷೆಯಲ್ಲಿ, ಊರಿಗೇ ಹೋಗಿ ಹೇಳುವ ದಿನವನ್ನೂ ಅದೇ ವೇಳಾಪಟ್ಟಿಯಲ್ಲಿ ಬರೆಸಿ. ಅಲ್ಲಿ ಯಾರು ಪಾಲ್ಗೊಂಡಿದ್ದರೆಂದು ಹೊರಬೀಳದಂತೆ ಇಡೀ ಊರನ್ನೇ ಕರೆಯಿರಿ.